ಎಣ್ಣೆ ಹಚ್ಚಿದ ಚಂದ್ರ

“ನಾಲ್ಕು ಗಂಟೆಗೆ ಅರ್ವಾ ಮೇಡಂ ಬರ್ತಾರೆ, ದೂರಿಗೆ ಸಹಿ ಹಾಕ್ತಾರೆ, ಕಾಗದ ಪೊಲೀಸರ ಕೈಗೆ ಹೋಗುತ್ತೆ. ಅಲ್ಲಿಗೆ ನನ್ನ ತಲೆನೋವು ಮುಗೀತು,” ಎಂದ ಗುರುದತ್. ಕೈಯಲ್ಲಿದ್ದ ಸುಲೈಮಾನಿ ಚಹಾದ ಕಾಗದದ ಲೋಟವನ್ನು ಎಲ್ಲಿಡುವುದೆಂದು ಆಚೀಚೆ ನೋಡಿ, ಪಕ್ಕದಲ್ಲೇ ನಿಂತಿದ್ದ ಕಲ್ಲಿನ ರಾಜನ ತಲೆಯ ಮೇಲಿಟ್ಟ.

ಶಂಸುನ್ನಿಸಾ ಗೋಡೆಯ ಗಡಿಯಾರ ನೋಡಿದಳು. ಎರಡು ಗಂಟೆ ಹತ್ತು ನಿಮಿಷ. ಆಮೇಲೆ ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದಳು.

“ನಿಮ್ಮ ಊಟ ಆಯ್ತಾ?”

“ಮೇಡಂ, ಎರಡೂವರೆ ಸಾವಿರ ವರ್ಷದ ಕಲ್ಲು ಕಳುವಾಗಿದೆ.”

“ಅದಕ್ಕೇ ಕೇಳಿದ್ದು. ಅಷ್ಟು ವರ್ಷ ಕಾದ ಕಲ್ಲು ಇನ್ನು ಹತ್ತು ನಿಮಿಷ ಕಾಯ್ತದೆ. ನನ್ನ ಶಾವಿಗೆ ಬಿರಿಯಾನಿ ಕಾಯುದಿಲ್ಲ.”

ಭಟ್ಕಳದ ಶಂಸುನ್ನಿಸಾಳಿಗೆ ಐವತ್ತಮೂರು ವರ್ಷ. ಜಿದ್ದಾದ ಅಜೀಜಿಯಾದಲ್ಲಿ ಮನೆ, ಬಾಗಿಲಲ್ಲಿ ಅವಳೇ ಓಡಿಸುವ ಬಿಳಿ ಕಾರು. ಒಡೆದ, ನೆನೆದ, ಕಳೆದುಹೋದ ಸರಕನ್ನು ಪರೀಕ್ಷಿಸಿ ವಿಮಾ ಕಂಪನಿಗಳಿಗೆ ವರದಿ ಬರೆಯುವುದು ಅವಳ ಕೆಲಸ. ಅಲ್ಲಿಯ ಬಂದರಿನ ಇಪ್ಪತ್ತಾರು ವರ್ಷಗಳಲ್ಲಿ ಅವಳು ಕಲಿತದ್ದು ಇಷ್ಟು: ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ, ಪೆಟ್ಟಿಗೆಗೆ ಅಂಟಿಸಿದ ಚೀಟಿ ಹೇಳುತ್ತದೆ.

ಈ ಪೆಟ್ಟಿಗೆ ಅವಳ ಎದುರೇ ಬಾಯಿ ತೆರೆದುಕೊಂಡು ಬಿದ್ದಿತ್ತು. ಬ್ಯಾಬಿಲೋನಿನ ದೊರೆ ನಬೊನಿದಸ್ ಇಲ್ಲಿಯ ಮರಳುಗಾಡಿನ ತೈಮಾದಲ್ಲಿ ನಿಲ್ಲಿಸಿದ ಕಲ್ಲು ಅದರೊಳಗೆ ಇರಬೇಕಿತ್ತು. ಭಾನುವಾರ ಬೆಳಿಗ್ಗೆ ಪ್ರದರ್ಶನದ ಸಭಾಂಗಣದಲ್ಲಿ ಮುಚ್ಚಳ ತೆಗೆದರೆ ಸಿಕ್ಕದ್ದು ಎರಡು ಚೀಲ ಮರಳು. ಪೆಟ್ಟಿಗೆಗೆ ಕೊನೆಯ ಮೊಳೆ ಹೊಡೆದವನು ಕಲ್ಲುಕುಟಿಗ ಚನಿಯ.

“ಚನಿಯನ ಪಾಸ್‌ಪೋರ್ಟ್ ಎಲ್ಲಿ ಉಂಟು?”

“ನನ್ನ ಡ್ರಾಯರಿನಲ್ಲಿ. ಸೇಫ್ಟಿಗೆ.”

“ನಿಮ್ಮದು?”

“ನನ್ನದು... ನನ್ನ ಹತ್ರಾನೇ.”

“ಅಂದ್ರೆ ನಿಮಗೆ ಸೇಫ್ಟಿ ಬೇಡ. ಇಲ್ಲಿಯ ಕಾನೂನಿನಲ್ಲಿ ಕೆಲಸಗಾರನ ಪಾಸ್‌ಪೋರ್ಟ್ ಇಟ್ಟುಕೊಳ್ಳುದು ತಪ್ಪು, ಗೊತ್ತುಂಟಲ್ಲ?”

ಗುರುದತ್ ನಕ್ಕ. ಮೈಸೂರಿನವನು, ಪ್ರದರ್ಶನದ ಕಲ್ಲುಗಳನ್ನು ಸಿದ್ಧಪಡಿಸುವ ಶಿಲ್ಪಶಾಲೆಯ ಮ್ಯಾನೇಜರು. ಇಸ್ತ್ರಿ ಕೆಡದ ಅಂಗಿ, ದೂಳಿಗೆ ಅಲರ್ಜಿ. ಕಲ್ಲಿನ ಕೆಲಸ ನಡೆಯುವ ಶೆಡ್ಡಿಗೆ ತಿಂಗಳಿಗೊಮ್ಮೆ ಹೋದರೆ ಹೆಚ್ಚು, ಅದೂ ಮೂಗಿಗೆ ಮಾಸ್ಕು ಕಟ್ಟಿಕೊಂಡು.

“ನೋಡಿ ಮೇಡಂ, ಅವನ ಇಕಾಮಾದಲ್ಲಿ, ಅದೇ ಇಲ್ಲಿರೋಕೆ ಕೊಡೋ ಪರವಾನಗಿಯಲ್ಲಿ, ಇರೋದು ಲೋಡರ್ ಅಂತ. ಸಾಮಾನು ಎತ್ತೋನು. ಅಂಥವನ ಕೈಗೆ ಶಾಸನ ಕೊಟ್ಟಿದ್ದೇ ತಪ್ಪಾಯ್ತು. ಅವನಿಗೇನು ಗೊತ್ತು ಇತಿಹಾಸದ ಬೆಲೆ?”

“ಇದನ್ನು ಕೆತ್ತಿದ್ದು ಯಾರು ಮತ್ತೆ?” ಶಂಸುನ್ನಿಸಾ ಚಮಚದಿಂದಲೇ ಚಹಾದ ಲೋಟ ಹೊತ್ತ ರಾಜನನ್ನು ತೋರಿಸಿದಳು.

ಅದು ಮುಟ್ಟುವ ಕಲ್ಲು. ಕಣ್ಣು ಕಾಣದವರೂ ಬೆರಳಿನಿಂದ ದೊರೆಯನ್ನು ನೋಡಲಿ ಎಂದು ಮೂಲದಂತೆಯೇ ಮಾಡಿಸಿದ ನಕಲು. ಸ್ಟ್ಯಾಂಡಿನ ಮೇಲೆ ಮೊಣಕಾಲೆತ್ತರದ ಮರಳುಗಲ್ಲು, ದಂಡ ಹಿಡಿದ ರಾಜ, ಎದುರಿಗೆ ಚಂದ್ರ, ಸೂರ್ಯ, ನಕ್ಷತ್ರ. ಪಕ್ಕದಲ್ಲಿ “ದಯವಿಟ್ಟು ಮುಟ್ಟಿ” ಎಂಬ ಫಲಕ. ಶನಿವಾರದಿಂದ ಅದನ್ನು ಎಲ್ಲರೂ ಮುಟ್ಟಿದ್ದರು. ಯಾರೋ ತಮ್ಮ ಗುರುತಿನ ಚೀಟಿಯ ದಾರವನ್ನು ದೊರೆಯ ಕುತ್ತಿಗೆಗೂ ಹಾಕಿ ಹೋಗಿದ್ದರು.

“ಚನಿಯಾನೇ ಕೆತ್ತಿದ್ದು. ಬೇರೆ ಯಾರಿದ್ರು? ಮಹಾಲಿಂಗ ಅಂತ ಇನ್ನೊಬ್ಬ ಕೆಲಸಗಾರ ಇದ್ದ. ಅವನು ಎಂಟು ತಿಂಗಳ ಹಿಂದೇನೇ ಕೆಲಸ ಬಿಟ್ಟು, ಫೈನಲ್ ಎಕ್ಸಿಟ್ ಮೇಲೆ ಊರಿಗೆ ಹೋದ. ನಾನೇ ಏರ್‌ಪೋರ್ಟಿಗೆ ಬಿಟ್ಟುಬಂದೆ.”

“ಕಳ್ಳತನ ಯಾವಾಗ ಆದದ್ದು, ನಿಮ್ಮ ಲೆಕ್ಕದಲ್ಲಿ?”

“ಗುರುವಾರ ಸಂಜೆ ಮೊಳೆ ಹೊಡೆದ್ರು. ಶುಕ್ರವಾರ ರಜ, ಶೆಡ್ಡಿಗೆ ಬೀಗ. ನಾನು ಫ್ಯಾಮಿಲಿ ಜೊತೆ ಯಾಂಬೂ ಬೀಚಿನಲ್ಲಿದ್ದೆ. ಶನಿವಾರ ಸಾಮಾನೆಲ್ಲ ಇಲ್ಲಿಗೆ ಬಂತು. ಅಂದ್ರೆ ಮೊಳೆ ಹೊಡೆಯೋವಾಗಲೇ ಅವನು ಮರಳು ತುಂಬಿದ್ದಾನೆ. ಸಿಂಪಲ್.”

ಶಂಸುನ್ನಿಸಾ ಡಬ್ಬಿ ಬದಿಗಿಟ್ಟು, ಚೀಲದಿಂದ ವಿಮೆಯ ನಮೂನೆ ತೆಗೆದಳು.

“ಕಳೆದ ವಸ್ತುವಿನ ವರ್ಣನೆ ಬರೀಬೇಕು. ಹೇಳಿ. ಎತ್ತರ ಇದರಷ್ಟೇ. ಬಣ್ಣ?”

“ಕಪ್ಪು ಅಂತಲೇ ಬರ್ಕೊಳ್ಳಿ. ಹಳೇ ಬೆಲ್ಲದ ಬಣ್ಣ. ಚಂದ್ರನ ಹತ್ರ ಅಂತೂ ಮಿರಮಿರ ಅನ್ನುತ್ತೆ. ಕಣ್ಣಿಗೇ ಗೊತ್ತಾಗುತ್ತೆ ಮೇಡಂ, ಹಳೇ ಕಲ್ಲಿನ ಗಾಂಭೀರ್ಯ. ಈ ನಕಲು ನೋಡಿ, ಹಿಟ್ಟು ಬಳಿದ ಹಾಗಿದೆ.”

ಹಳೇ ಬೆಲ್ಲ, ಎಂದು ಶಂಸುನ್ನಿಸಾ ದುಂಡಗೆ ಬರೆದುಕೊಂಡಳು.

*

ಗೋಡೆಗಳ ಮೇಲಿನ ಬರಹವೆಲ್ಲ ಸಂಯುಕ್ತಾಳದು. ಧಾರವಾಡದ ಹುಡುಗಿ, ಹಳೆಯ ಲಿಪಿಗಳನ್ನು ಓದಿಕೊಂಡು ಬಂದವಳು, ಪ್ರದರ್ಶನಕ್ಕೆ ಮಾಹಿತಿ ಬರೆದುಕೊಡಲು ಒಂದು ವರ್ಷದ ಕರಾರು. ಏಣಿಯ ಮೇಲೆ ನಿಂತು ಫಲಕವೊಂದರ ಅಂಚು ಒತ್ತುತ್ತಿದ್ದಳು.

“ಬರ್ರಿ ಆಂಟೀ. ನಮ್ಮ ರಾಜಾನ ಕಥಿ ಕೇಳಾಕ ಬಂದ್ರೇನು?”

“ಕೇಳುವಾ. ಎಂತ ಜನ ಇವ?”

“ಭಾಳ ವಿಚಿತ್ರ ಮನಷ್ಯಾ. ಹದಿನೇಳು ವರ್ಷ ರಾಜ. ಅದರಾಗ ಹತ್ತು ವರ್ಷ ರಾಜಧಾನಿನೇ ಇಲ್ಲ. ಬ್ಯಾಬಿಲೋನ್ ಅಂಥಾ ಪಟ್ಟಣ ಮಗನ ಕೈಗೆ ಕೊಟ್ಟು, ಈ ಮರಳುಗಾಡಿನ ತೈಮಾಕ್ಕ ಬಂದು ಕುಂತ.”

“ಹೆಂಡ್ತಿ ಕಾಟವಾ?”

“ಪೂಜಾರಿಗಳ ಕಾಟ ಅಂತ ಕೆಲವ್ರು ಅಂತಾರ. ಅಲ್ಲಿ ಮರ್ದುಕ್ ಅನ್ನೋ ದೇವರು ದೊಡ್ಡಾವ. ಈತ ನೋಡಿದ್ರ ಚಂದ್ರನ ಭಕ್ತ. ರಾಜ ಊರಾಗ ಇಲ್ಲಂದ್ರ ಹೊಸ ವರ್ಷದ ಹಬ್ಬ ನಡಿಯಂಗಿಲ್ಲ. ಹತ್ತು ವರ್ಷ ಹಬ್ಬನೇ ಇಲ್ಲ, ಪೂಜಾರಿಗಳು ಸುಮ್ನಿರ್ತಾರೇನು? ಹುಚ್ಚ ರಾಜ, ದೇವರಿಗೆ ಬ್ಯಾಡಾದಾವ ಅಂತ ಪದ್ಯಾನೇ ಕಟ್ಟಿ ಬೈದ್ರು.”

“ಒಳ್ಳೆಯವನೇ ಅನ್ನು ಹಾಗಾದ್ರೆ.”

ಸಂಯುಕ್ತಾ ಏಣಿಯಿಂದ ಇಳಿದಳು. “ಅಷ್ಟ್ ಲಗೂ ಮೆಚ್ಚಬ್ಯಾಡ್ರಿ. ಬಂದವನೇ ತೈಮಾದ ಒಡೆಯನ್ನ ಕೊಂದ. ಊರಿನ ಮಂದೀನ ದುಡಿಸಿ ಅರಮನಿ ಕಟ್ಟಿಸಿದ. ಆ ಮಂದಿಯ ಒಂದು ಹೆಸರೂ ಯಾವ ಕಲ್ಲಿನ ಮ್ಯಾಗೂ ಇಲ್ಲ. ಅದನ್ನೂ ಬರದೀನಿ. ಗುರುದತ್ ಸರ್ ತೆಗೀರಿ ಅಂದ್ರು, ಅರ್ವಾ ಮೇಡಂ ಇರ್ಲಿ ಅಂದ್ರು.”

ರಾಜನನ್ನು ಪೂಜಾರಿ ಬೈದ, ಪೂಜಾರಿಯನ್ನು ರಾಜ ಬಿಟ್ಟುಬಂದ. ಇಬ್ಬರ ಜಗಳಕ್ಕೂ ಕಲ್ಲು ಹೊತ್ತವರು ಬೇರೆಯವರು. ಅವರ ಹೆಸರು ಪ್ರದರ್ಶನದ ಪುಸ್ತಿಕೆಯಲ್ಲಿ ಇವತ್ತಿಗೂ ಬಂದಿಲ್ಲ ಎಂದುಕೊಂಡು ಶಂಸುನ್ನಿಸಾ ಪುಸ್ತಿಕೆ ತಿರುವಿದಳು. ಮುಟ್ಟುವ ಕಲ್ಲಿನ ಪುಟದಲ್ಲಿ ಶಿಲ್ಪಶಾಲೆಯ ಹೆಸರಿತ್ತು, ಮ್ಯಾನೇಜರ ಹೆಸರಿತ್ತು. ಚನಿಯ ಇರಲಿಲ್ಲ.

ಎದುರಿನ ಪುಟದಲ್ಲಿ ಮೂಲ ಕಲ್ಲಿನ ಚಿತ್ರ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ಇದರ ಬಣ್ಣ ಹೀಗೇ ಉಂಟಾ? ಗೋಧಿಹಿಟ್ಟಿನ ಹಾಗೆ?”

“ಹೂಂ, ಹಿಂಗ ಐತಿ. ನಾನೇ ಇಪ್ಪತ್ತು ದಿನದಿಂದ ಶೆಡ್ಡಿನಾಗ ನೋಡೀನಲ್ಲ.”

“ಕಪ್ಪು ಇಲ್ಲ?”

“ಕಪ್ಪೆಲ್ಲಿಂದ ಬರ್ಬೇಕ್ರಿ?”

ಸಂಯುಕ್ತಾ ಈಗಷ್ಟೇ ಅಂಟಿಸಿದ ಫಲಕದ ಮೇಲೆ ಶಂಸುನ್ನಿಸಾಳ ಕಣ್ಣು ನೆಟ್ಟಿತ್ತು. ನಬೊನಿದಸ್‌ಗೆ ನೆಲ ಅಗೆಯುವ ಗೀಳು. ಹಳೆಯ ಗುಡಿಗಳ ಬುಡ ತೋಡಿಸಿ, ತನಗಿಂತ ಸಾವಿರಾರು ವರ್ಷ ಹಿಂದಿನ ರಾಜರ ಶಾಸನ ಹುಡುಕುತ್ತಿದ್ದ. ಸಿಕ್ಕರೆ ಒಡೆಯುತ್ತಿರಲಿಲ್ಲ, ತನ್ನ ಹೆಸರನ್ನು ಮೇಲೆ ಕೊರೆಸುತ್ತಿರಲಿಲ್ಲ. ಶಾಸನಕ್ಕೆ ಎಣ್ಣೆ ಹಚ್ಚಿ, ಮರ್ಯಾದೆ ಮಾಡಿ, ಇದ್ದ ಜಾಗದಲ್ಲೇ ಇಡಿಸುತ್ತಿದ್ದ.

“ಸಂಯುಕ್ತಾ, ಕಲ್ಲಿಗೆ ಎಣ್ಣೆ ಹಚ್ಚಿದ್ರೆ ಎಂತ ಆಗ್ತದೆ?”

“ಮರಳುಗಲ್ಲಾದ್ರ ಕುಡಿದುಬಿಡತೈತಿ. ಕರ್ರಗಾಗತೈತಿ. ಯಾಕ್ರಿ?”

ಶಂಸುನ್ನಿಸಾ ಆಗಲೇ ಉಗ್ರಾಣದ ಕಡೆ ಹೊರಟಿದ್ದಳು.

*

ಚನಿಯ ಉಗ್ರಾಣದಲ್ಲಿ ಖಾಲಿ ಡಬ್ಬಗಳ ನಡುವೆ ಸ್ಟೂಲಿನ ಮೇಲೆ ಕುಳಿತಿದ್ದ. ಭಾನುವಾರದಿಂದ ಅವನ ಜಾಗ ಅದೇ. ಬೆಳಿಗ್ಗೆ ಕ್ಯಾಂಪಿನ ಬಸ್ಸಿನಲ್ಲಿ ಬರಬೇಕು, ಸಂಜೆವರೆಗೆ ಕೂರಬೇಕು, ಶೆಡ್ಡಿಗೆ ಹೋಗಬಾರದು, ಯಾವ ಕಲ್ಲನ್ನೂ ಮುಟ್ಟಬಾರದು. ನಲವತ್ತೆಂಟರ ಗಟ್ಟಿ ಮನುಷ್ಯ. ಮಡಿಲಲ್ಲಿ ಒಂದು ಶೂ ಪೆಟ್ಟಿಗೆ.

“ಎಂತ ಮಾರಾಯ, ಇದನ್ನು ಮಲಗುವಾಗಲೂ ಹಿಡ್ಕೊಳ್ತೀಯಾ?”

ಚನಿಯ ಪೆಟ್ಟಿಗೆ ತೆರೆದು ತೋರಿಸಿದ. ಹೆಂಗಸರ ಕಪ್ಪು ಶೂ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

“ಮಗಳು ವರ್ಷಾಳಿಗೆ ಅಕ್ಕ. ಶನಿವಾರ ಅವಳು ವಕೀಲೆ ಆಗುದು. ಕಪ್ಪು ಕೋಟು ಹಾಕಿ ಪ್ರಮಾಣ ಮಾಡ್ಲಿಕ್ಕೆ ಉಂಟಂತೆ. ಕಳೆದ ಸಲ ಹೋದಾಗ ಅವಳ ಪಾದದ ಅಳತೆ ನೂಲಿನಲ್ಲಿ ತಂದಿದ್ದೆ. ಅಂಗಡಿಯವ ನಂಬರು ಕೇಳ್ತಾನೆ, ನಾನು ನೂಲು ತೋರಿಸ್ತೇನೆ. ಅವನಿಗೆ ನಗು.”

“ನಾಳೆ ಎಷ್ಟು ಗಂಟೆಗೆ ವಿಮಾನ?”

“ಬೆಳಿಗ್ಗೆ ಹತ್ತಕ್ಕೆ.” ಮುಚ್ಚಳ ಮುಚ್ಚಿದ. “ಆ ಕಾಗದಕ್ಕೆ ಸಹಿ ಬಿದ್ರೆ ಇಲ್ಲ. ಕಲ್ಲು ಕದ್ದವನ ಮಗಳು ಅಂತ ಅವಳನ್ನು ಕೋರ್ಟಿನಲ್ಲಿ ಹೇಳುದು ಬೇಡ ಅಕ್ಕ. ನಮ್ಮ ಮನೆಯಿಂದ ಆ ಮೆಟ್ಟಿಲು ಹತ್ತುವ ಮೊದಲ ಜನ ಅವಳು.”

ಶಂಸುನ್ನಿಸಾ ಎದುರಿನ ಡಬ್ಬದ ಮೇಲೆ ಕುಳಿತಳು.

“ನೀನು ಕಲ್ಲು ಕದೀಲಿಲ್ಲ. ಅದು ನನಗೆ ಗೊತ್ತು. ಆದ್ರೆ ನೀನು ಎಂತದೋ ಒಂದು ಮುಚ್ಚಿಡ್ತಾ ಇದ್ದಿ. ನಾಲ್ಕು ದಿನದಿಂದ ಪ್ರತಿ ಪ್ರಶ್ನೆಗೂ ನೆಲ ನೋಡ್ತಿ. ತಲೆಗೆ ಹಚ್ಚುವ ನಿನ್ನ ತೆಂಗಿನೆಣ್ಣೆ ಬಾಟಲಿ ಎಲ್ಲಿ ಉಂಟು?”

ಚನಿಯನ ಮುಖ ಬಿಳುಚಿತು.

“ನಾನು ಬೇಕೂಂತ ಮಾಡಿದ್ದಲ್ಲ ಅಕ್ಕ.”

“ಹೇಳು.”

“ಕಾರ್ಕಳದಲ್ಲಿ ನಾನು ಕ್ವಾರಿ ಕೆಲಸದವ. ಕಲ್ಲು ಎಬ್ಬಿಸಿ ಕೊಡುದು ನಾವು. ಕೆತ್ತುದು ನೋಡಿ ನೋಡಿ ಕದ್ದು ಕಲ್ತದ್ದು. ನಾನು ಎಬ್ಬಿಸಿದ ಕಲ್ಲು ಎಷ್ಟೋ ದೇವರಾಗಿದೆ. ಕಣ್ಣು ಬಿಡಿಸಿದ ಮೇಲೆ ನಮಗೆ ಮುಟ್ಟಲಿಕ್ಕಿಲ್ಲ, ಬಾಗಿಲಿನ ಹೊರಗೆ. ಕೆಲಸ ಮುಗಿದ ಮೂರ್ತಿಗೆ ಎಣ್ಣೆ ಹಚ್ಚುದು ಉಂಟಲ್ಲ, ಅದನ್ನು ದೂರದಿಂದ ನೋಡಿದ್ದೇ.” ಶೂ ಪೆಟ್ಟಿಗೆಯ ಮುಚ್ಚಳ ಇನ್ನೊಮ್ಮೆ ಒತ್ತಿದ. “ಈ ಕಲ್ಲು ಮುಗಿದ ದಿವಸ, ಗುರುವಾರ, ಶೆಡ್ಡಿನಲ್ಲಿ ಯಾರೂ ಇರ್ಲಿಲ್ಲ. ಇದು ಎಲ್ಲರೂ ಮುಟ್ಟುವ ಕಲ್ಲು ಅಂತ ಸಂಯುಕ್ತಕ್ಕ ಹೇಳಿದ್ರು. ಹಾಗಾದ್ರೆ ಮೊದಲು ನಾನೇ ಎಣ್ಣೆ ಹಚ್ಚುವಾ ಅಂತ ಮನಸ್ಸಾಯ್ತು. ಚಂದ್ರನಿಂದ ಶುರು ಮಾಡಿದೆ.”

“ಕುಡೀತು.”

“ಕರಿಕಲ್ಲು ಕುಡಿಯುದಿಲ್ಲ ಅಕ್ಕ. ಇದು ಬಾಯಾರಿದ ಕಲ್ಲು. ಒಂದು ಕಡೆ ಕಪ್ಪಾಯ್ತು, ಸಮ ಮಾಡುವಾ ಅಂತ ಪೂರ್ತಿ ಹಚ್ಚಿದೆ. ಪೂರ್ತಿ ಕಪ್ಪಾಯ್ತು. ಬಾಟಲಿ ಖಾಲಿ. ಹೆದರಿ ಗೋಣಿ ಮುಚ್ಚಿ ಶೆಡ್ಡಿನ ಹಿಂದೆ, ಮರುದಿನ ಬಿಸಿಲು ಬೀಳುವಲ್ಲಿ ಇಟ್ಟೆ. ಹಳೇ ಕಲ್ಲನ್ನು ಪೆಟ್ಟಿಗೆಗೆ ಹಾಕಿ ಮೊಳೆ ಹೊಡೆದು ಬಸ್ಸಿಗೆ ಹೋದೆ. ಶನಿವಾರ ದೂರದಿಂದ ನೋಡ್ತೇನೆ, ಸ್ಟ್ಯಾಂಡಿನ ಮೇಲೆ ಕಲ್ಲು ಮೊದಲಿನ ಹಾಗೇ ಬೆಳ್ಳಗೆ ನಿಂತಿದೆ. ಬಿಸಿಲಿಗೆ ಎಣ್ಣೆ ಒಣಗಿತು ಅಂತ ಸಮಾಧಾನ ಆಯ್ತು.”

“ಯಾಕೆ ಹೇಳ್ಲಿಲ್ಲ?”

“ಎಂತ ಹೇಳುದು? ಈ ದೇಶದಲ್ಲಿ ಮೂರ್ತಿಗೆ ಎಣ್ಣೆ ಹಚ್ಚಿದೆ ಅಂತಲಾ? ಪೂಜೆ ಮಾಡಿದ ಅಂತ ಕೇಸು ಹಾಕಿದ್ರೆ?”

ಶಂಸುನ್ನಿಸಾಳಿಗೆ ನಗು ತಡೆಯಲಾಗಲಿಲ್ಲ. ಡಬ್ಬದ ಮೇಲೆ ಕುಳಿತೇ ನಕ್ಕಳು, ಕಣ್ಣು ಒರೆಸಿಕೊಂಡಳು.

“ಮಾರಾಯ ಚನಿಯ, ಈ ದೊರೆ ಇದ್ದಾನಲ್ಲ, ಅವನೂ ಅದನ್ನೇ ಮಾಡ್ತಿದ್ದದ್ದು. ಹಳೇ ಶಾಸನ ಸಿಕ್ಕಿದ್ರೆ ಎಣ್ಣೆ ಹಚ್ಚುದು. ಅವ ಮಾಡಿದ್ದು ಗೋಡೆಯ ಮೇಲೆ ಇತಿಹಾಸ ಅಂತ ಅಂಟಿಸಿದ್ದಾರೆ. ನೀನು ಮಾಡಿದ್ದಕ್ಕೆ ಉಗ್ರಾಣದಲ್ಲಿ ಕೂತಿದ್ದಿ.”

ಅವಳು ಎದ್ದಳು. “ಬಿಸಿಲಿಗೆ ಎಣ್ಣೆ ಒಣಗುದಿಲ್ಲ. ಇನ್ನೂ ಕಪ್ಪಾಗ್ತದೆ. ಬಾ, ಸಭಾಂಗಣಕ್ಕೆ ಹೋಗುವಾ. ಶೂ ತಕೊ.”

*

ಅರ್ವಾ ಹತ್ತು ನಿಮಿಷ ಮೊದಲೇ ಬಂದಿದ್ದಳು. ಪ್ರದರ್ಶನದ ಮುಖ್ಯಸ್ಥೆ, ಮಾತು ಕಡಿಮೆ, ಸಹಿ ಹಾಕುವ ಮೊದಲು ಎರಡು ಸಲ ಓದುವ ಹೆಂಗಸು. ದೂರಿನ ಕಾಗದ ಅವಳ ಕೈಯಲ್ಲಿತ್ತು. ಗುರುದತ್ ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡು ನಿಂತಿದ್ದ.

“ಒಂದು ನಿಮಿಷ,” ಎಂದಳು ಶಂಸುನ್ನಿಸಾ ಅರಬ್ಬಿಯಲ್ಲಿ. ಆಮೇಲೆ ಕನ್ನಡಕ್ಕೆ ಹೊರಳಿದಳು. “ಗುರುದತ್, ಕಳೆದ ಕಲ್ಲಿನ ಬಣ್ಣ ಇನ್ನೊಮ್ಮೆ ಹೇಳಿ.”

“ಹೇಳಿದ್ನಲ್ಲ. ಕಪ್ಪು.”

ಅವಳು ಅದನ್ನು ಅರಬ್ಬಿಗೆ ತಿರುಗಿಸಿದಳು. ಅರ್ವಾ ಹುಬ್ಬು ಗಂಟಿಕ್ಕಿ ಪುಸ್ತಿಕೆಯ ಚಿತ್ರ ನೋಡಿದಳು, ಗುರುದತ್‌ನನ್ನು ನೋಡಿದಳು.

“ಫೋಟೋದಲ್ಲಿ ಬೆಳ್ಳಗೆ ಕಾಣುತ್ತೆ. ಲೈಟಿಂಗ್ ಕಣ್ರೀ.”

“ಲೈಟಿಂಗ್ ಅಲ್ಲ, ತೆಂಗಿನೆಣ್ಣೆ. ಕಪ್ಪು ಕಲ್ಲು ಒಂದೇ ಇದ್ದದ್ದು, ಅದು ಚನಿಯನ ನಕಲು. ಗುರುವಾರ ಸಂಜೆ ಎಲ್ಲರೂ ಹೋದ ಮೇಲೆ ಅವ ಎಣ್ಣೆ ಹಚ್ಚಿ ಶೆಡ್ಡಿನ ಹಿಂದೆ ಮುಚ್ಚಿಟ್ಟ. ಶನಿವಾರ ಬೆಳಿಗ್ಗೆ ಅದು ಅಲ್ಲಿರ್ಲಿಲ್ಲ. ಅದನ್ನು ನೋಡ್ಬೇಕಾದ್ರೆ ಶುಕ್ರವಾರ ಶೆಡ್ಡಿಗೆ ಹೋಗಬೇಕು. ನೀವು ಯಾಂಬೂನಲ್ಲಿ ಇದ್ರಲ್ಲ?”

ಗುರುದತ್ ಪೆನ್ನಿನ ಮುಚ್ಚಳ ಹಾಕಿದ. ಮತ್ತೆ ತೆಗೆದ.

“ಸ್ವಲ್ಪ ಹೊತ್ತು... ಫೈಲ್ ತಗೊಳ್ಳೋಕೆ ಹೋಗಿದ್ದೆ.”

“ದೂಳಿನ ಶೆಡ್ಡಿನಲ್ಲಿ ಫೈಲಾ? ನಾನು ಹೇಳ್ತೇನೆ, ತಪ್ಪಿದ್ರೆ ತಿದ್ದಿ. ಪೆಟ್ಟಿಗೆ ತೆರೆದ್ರಿ. ಒಳಗೆ ಬಿಳಿ ಕಲ್ಲು. ಹಿಂದೆ ಗೋಣಿಯ ಅಡಿಯಲ್ಲಿ ಕಪ್ಪು ಕಲ್ಲು. ಅಲ್ಲಿಯವರೆಗೆ ಎರಡನ್ನೂ ನೀವು ಹತ್ತಿರದಿಂದ ನೋಡಿದವರಲ್ಲ. ಕಪ್ಪು ಇದ್ದದ್ದು ಹಳೇದು, ಬಿಳಿ ಇದ್ದದ್ದು ಹೊಸದು ಅಂದುಕೊಂಡ್ರಿ. ಈ ಲೋಡರ್ ಮೂಲವನ್ನೇ ಕದ್ದು ಹಿಂದೆ ಅಡಗಿಸಿದ್ದಾನೆ, ಕದ್ದವನಿಂದ ನಾನು ಕದ್ರೆ ಅಪವಾದ ಹೇಗೂ ಅವನ ಮೇಲೇ, ಅಂತ ಖುಷಿಯಾಯ್ತು. ಕಪ್ಪನ್ನು ಕಾರಿಗೆ ಹಾಕಿದ್ರಿ, ಪೆಟ್ಟಿಗೆಗೆ ಮರಳು ತುಂಬಿದ್ರಿ, ಬಿಳಿಯನ್ನು ನಕಲು ಅಂತ ಇಲ್ಲಿಗೆ ಕಳಿಸಿದ್ರಿ.”

ಗುರುದತ್ ಪೆನ್ನನ್ನು ಜೇಬಿಗೆ ಸೇರಿಸಿದ.

“ಇತಿಹಾಸದ ಬೆಲೆ ಗೊತ್ತಿದ್ದವರು ನೀವು. ಕದ್ದದ್ದು ಹೋದ ಗುರುವಾರ ಮುಗಿದ ಕಲ್ಲು.”

ಹಿಂದೆ ಸಂಯುಕ್ತಾ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬೆರಳುಗಳ ಸಂದಿಯಿಂದ ಹೊರಬಂತು.

“ಹಂಗಾರ ಆಂಟೀ, ಮೂಲ ಕಲ್ಲು...”

ಎಲ್ಲರ ಕಣ್ಣೂ ಒಟ್ಟಿಗೆ ಹೊರಳಿತು. ದೊರೆ ನಬೊನಿದಸ್ ಕುತ್ತಿಗೆಯಲ್ಲಿ ಗುರುತಿನ ಚೀಟಿಯ ದಾರ, ತಲೆಯ ಮೇಲೆ ಚಹಾದ ಲೋಟ ಇಟ್ಟುಕೊಂಡು ನಿಂತಿದ್ದ. ಗುರುದತ್ ತನಗೇ ತಿಳಿಯದಂತೆ ಕೈ ಚಾಚಿ ಲೋಟವನ್ನು ಮೆಲ್ಲನೆ ತೆಗೆದುಕೊಂಡ.

“ನೋಡಿಬಿಡುವಾ,” ಎಂದು ಶಂಸುನ್ನಿಸಾ ನೀರಿನ ಬಾಟಲಿ ತೆಗೆದಳು. “ಎಣ್ಣೆ ಕುಡಿದ ಕಲ್ಲಿನ ಮೇಲೆ ನೀರು ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಮುತ್ತಾಗಿ ನಿಲ್ತದೆ. ಎಣ್ಣೆ ಕಾಣದ ಕಲ್ಲು ಕುಡೀತದೆ.”

ಬೆರಳ ತುದಿಯಿಂದ ಒಂದೇ ಹನಿ. ಕಲ್ಲಿನ ಬುಡದ ಬದಿಗೆ.

ಹನಿ ಕ್ಷಣ ನಿಂತಿತು. ಆಮೇಲೆ ಕಲ್ಲೊಳಗೆ ಇಳಿದುಹೋಯಿತು. ತೇವದ ಸುತ್ತ ಕಂದು ಬಣ್ಣದ ತೆಳ್ಳನೆಯ ಗೆರೆಯೊಂದು ಮೂಡಿತು. ಗುರುದತ್‌ನ ಚಹಾ ಚೆಲ್ಲಿದ್ದಿರಬೇಕು ಎಂದುಕೊಂಡಳು ಶಂಸುನ್ನಿಸಾ. ಗೆಲುವಿನ ಹೊತ್ತಿನಲ್ಲಿ ಅವಳು ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

“ಇದ್ದದ್ದು ಎರಡು ಕಲ್ಲು. ಇದು ಚನಿಯನದ್ದಲ್ಲ. ಹಾಗಾದ್ರೆ ಇದು ದೊರೆಯದ್ದು.”

ಅರ್ವಾಳ ಮುಖದಲ್ಲಿ ನಾಲ್ಕು ದಿನಗಳಲ್ಲಿ ಮೊದಲ ಸಲ ನಗು ಕಂಡಿತು. “ನಾಳೆ ಪರಿಣತರು ನೋಡಲಿ. ಆದರೆ ಈ ಮನುಷ್ಯನನ್ನು ತಡೆಯಲು ನನಗೆ ಇನ್ನು ಕಾರಣವಿಲ್ಲ. ಅವನ ಪಾಸ್‌ಪೋರ್ಟ್ ಈಗಲೇ ತರಿಸಿ,” ಎಂದು ದೂರಿನ ಕಾಗದದ ಮೇಲಂಚು ಹಿಡಿದಳು. ನೂರಾರು ಕೈಗಳು ಮುಟ್ಟಿದ ದೊರೆಯ ಕುತ್ತಿಗೆಯಿಂದ ದಾರವನ್ನು ತೆಗೆಯುವಂತೆ ಸಂಯುಕ್ತಾಳಿಗೆ ಸನ್ನೆ ಮಾಡಿದಳು. “ನಿಮ್ಮ ಎಣ್ಣೆಯ ವಿಷಯ,” ಎಂದು ಚನಿಯನ ಕಡೆ ತಿರುಗಿ, ಶಂಸುನ್ನಿಸಾ ಕನ್ನಡಕ್ಕೆ ತರುವವರೆಗೆ ಕಾದಳು, “ಅದನ್ನೂ ಫಲಕದಲ್ಲಿ ಬರೆಸುತ್ತೇನೆ. ನಿಮ್ಮ ಹೆಸರು ಹಾಕಿ.”

ಚನಿಯ ಶೂ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಕಲ್ಲಿನ ಬಳಿ ಹೋದ. ಇಪ್ಪತ್ತು ದಿನ ಎದುರಿಗಿಟ್ಟುಕೊಂಡು ನಕಲು ಕೆತ್ತಿದ ದೊರೆ. ಹೊರಡುವ ಮುಂಚೆ ಒಮ್ಮೆ ಮಾತಾಡಿಸಿ ಹೋಗುವವನಂತೆ ಬಲಗೈ ಚಾಚಿ ಚಂದ್ರನನ್ನು ಸವರಿದ.

ಕೈ ಅಲ್ಲೇ ನಿಂತಿತು.

ಕಾಗದ ಹರಿಯುವ ಸದ್ದು ಶುರುವಾಗಿತ್ತು. ಚನಿಯ ತಿರುಗಿ ಅದನ್ನು ನೋಡಿದ. ಆಮೇಲೆ ಶೂ ಪೆಟ್ಟಿಗೆಯನ್ನು ನೋಡಿದ. ಅದನ್ನು ಮೆಲ್ಲಗೆ ನೆಲದ ಮೇಲಿಟ್ಟು, ಎರಡೂ ಕೈಗಳಿಂದ ಕಲ್ಲನ್ನು ತಡವಿದ. ದಂಡ, ಗಡ್ಡ, ಅಂಗಿಯ ನೆರಿಗೆ. ಉಗುರಿನಿಂದ ಬುಡ ಕೆರೆದು ಮೂಗಿಗೆ ಹಿಡಿದ.

“ಅಕ್ಕ,” ಎಂದ. “ಅವರಿಗೆ ಹರಿಯುದು ಬೇಡ ಅಂತ ಹೇಳಿ.”

“ಎಂತ ಆಯ್ತು?”

“ಇದು ನನ್ನ ಕಲ್ಲಲ್ಲ. ಹಳೇ ಕಲ್ಲೂ ಅಲ್ಲ.”

ಶಂಸುನ್ನಿಸಾ ಅವನ ಮುಂಗೈ ಹಿಡಿದಳು. “ಚನಿಯ, ನಾಳೆ ಹತ್ತಕ್ಕೆ ನಿನ್ನ ವಿಮಾನ. ಸರಿಯಾಗಿ ನೋಡಿ ಹೇಳು.”

“ನೋಡುದೆಂತ, ಕೈಗೆ ಗೊತ್ತಾಗ್ತದೆ. ಬಣ್ಣಕ್ಕೆ ಚಹಾ ಬಳಿದಿದ್ದಾರೆ, ಕೆರೆದ್ರೆ ಅಡಿಯಲ್ಲಿ ಹೊಸ ಪುಡಿ. ಹತ್ತು ಹದಿನೈದು ದಿನ ಹಿಂದಿನ ಕೆಲಸ. ನಾನು ಗುರುವಾರ ಪೆಟ್ಟಿಗೆಗೆ ಹಾಕಿದ್ದು ಇದಲ್ಲ. ಮತ್ತೆ, ಉಳಿ ಬಲದಿಂದ ಎಡಕ್ಕೆ ಹೋಗಿದೆ. ಕೆತ್ತಿದವ ಎಡಗೈಯವ.” ಅವನು ಉಳಿಯ ಗೆರೆಯ ಮೇಲೆ ಬೆರಳೆಳೆದ. “ಈ ಕೈಗೆ ಉಳಿ ಹಿಡೀಲಿಕ್ಕೆ ಕಲಿಸಿದ್ದು ನಾನೇ ಅಕ್ಕ. ಇದು ಮಹಾಲಿಂಗನ ಕೆಲಸ.”

ಅರ್ವಾ ಅರ್ಧ ಹರಿದ ಕಾಗದವನ್ನು ಹಿಡಿದೇ ನಿಂತಳು. ಶಂಸುನ್ನಿಸಾ ಗುರುದತ್‌ನ ಕಡೆ ತಿರುಗಿದಳು. ಆತ ಖಾಲಿ ಪೆಟ್ಟಿಗೆಯ ಅಂಚಿನ ಮೇಲೆ ಕುಸಿದು ಕುಳಿತಿದ್ದ. ಈಗ ಆ ಮುಖದಲ್ಲಿದ್ದ ಹೆದರಿಕೆ ಸಿಕ್ಕಿಬಿದ್ದವನದಲ್ಲ, ಏನೂ ಗೊತ್ತಿಲ್ಲದವನದು.

“ಶುಕ್ರವಾರ ಪೆಟ್ಟಿಗೆಯಲ್ಲಿ ಇದೇ ಇತ್ತು,” ಎಂದ, ತನಗೆ ತಾನೇ ಹೇಳಿಕೊಳ್ಳುವಂತೆ. “ನನಗಿಂತ ಮುಂಚೆ ಯಾರೋ ಬಂದು ಹೋಗಿದ್ದಾರೆ. ಮಹಾಲಿಂಗನ್ನ ನಾನು... ಏರ್‌ಪೋರ್ಟ್ ಬಾಗಿಲವರೆಗೆ ಮಾತ್ರ ಬಿಟ್ಟಿದ್ದು. ಒಳಗೆ ಹೋಗಿದ್ದು ನೋಡಿಲ್ಲ.”

“ಚನಿಯ, ನೀನು ಸುಮ್ಮನಿದ್ದಿದ್ರೆ ಹೋಗ್ತಿದ್ದಿ,” ಎಂದಳು ಶಂಸುನ್ನಿಸಾ ತಗ್ಗಿದ ದನಿಯಲ್ಲಿ. “ನಾಳೆ ಪರಿಣತರು ಹೇಗೂ ಹೇಳ್ತಿದ್ರು. ಅಷ್ಟರಲ್ಲಿ ನೀನು ಊರಲ್ಲಿರ್ತಿದ್ದಿ.”

“ಪರಿಣತರಿಗೆ ಇದು ಗೊತ್ತಾಗುದಿಲ್ಲ ಅಕ್ಕ.”

ಅವನು ಅವಳ ಬೆರಳನ್ನು ಹಿಡಿದು ಚಂದ್ರನ ಅಡಿಗೆ, ಕಣ್ಣಿಗೆ ಕಾಣದ ಒಳಬಾಗಿಗೆ ಒಯ್ದ. ಅಲ್ಲಿ ಉಳಿಯ ಮೂರು ಸಣ್ಣ ಕಚ್ಚುಗಳಿದ್ದವು. ಒಂದರ ಪಕ್ಕ ಒಂದು, ಆಳವಾಗಿ, ಅವಸರದಲ್ಲಿ ಹೊಡೆದಂತೆ.

“ಹಳೇ ಕಲ್ಲಿನಲ್ಲಿ ಇದಿಲ್ಲ. ಕೆಲಸ ಮುಗಿದ ಮೇಲೆ ನಾನು ಮೊದಲು ಕೈ ಹಾಕುದು ಇಲ್ಲಿಗೇ ಅಂತ ಅವನಿಗೆ ಮಾತ್ರ ಗೊತ್ತು. ನಾವಿಬ್ಬರೂ ದುಡಿದ ಕ್ವಾರಿಯಲ್ಲಿ ಬಂಡೆಗೆ ಹೀಗೆ ಮೂರು ಕಚ್ಚು ಹಾಕಿದ್ರೆ ಯಾರೂ ಸುತ್ತಿಗೆ ಎತ್ತುದಿಲ್ಲ.”

“ಯಾಕೆ?”

“ಅಡಿಯಲ್ಲಿ ಮನುಷ್ಯ ಸಿಕ್ಕಿಬಿದ್ದಿದ್ದಾನೆ ಅಂತ, ಅಕ್ಕ. ಜೀವ ಇನ್ನೂ ಉಂಟು ಅಂತ.”